ವಾದ ಗೆದ್ದ ಮೇಲೆ ಮುಚ್ಚಿದ ಬಾಗಿಲು

ಮೂವತ್ನಾಲ್ಕನೆಯ ವಯಸ್ಸಿಗೆ ನಿವೃತ್ತನಾದೆ ಎಂದರೆ ಜನ ನಗುತ್ತಾರೆ. ನಗಲಿ. ಒಂಬತ್ತು ವರ್ಷ ಹಾಸಿಗೆ ಹಿಡಿದವರನ್ನು ಎತ್ತಿ, ಹೊರಳಿಸಿ, ಕೂರಿಸಿ ನನ್ನ ಬೆನ್ನಿನ ಎರಡು ಡಿಸ್ಕುಗಳು ಜಾರಿವೆ. ‘ಇನ್ನು ಮೇಲೆ ಭಾರ ಎತ್ತಕೂಡದು’ ಎಂದು ಡಾಕ್ಟರು ಚೀಟಿ ಬರೆದುಕೊಟ್ಟ ದಿನವೇ ನನ್ನ ಉದ್ಯೋಗ ಮುಗಿಯಿತು. ಬರುವ ಸೋಮವಾರದಿಂದ ನನ್ನ ಜಾಗಕ್ಕೆ ಇಬ್ಬರು ಬರುತ್ತಾರೆ. ಒಬ್ಬ ವ್ಯಾನ್ ಓಡಿಸುತ್ತಾನೆ, ಒಬ್ಬಳು ಡ್ರೆಸಿಂಗ್ ಕಲಿಯುತ್ತಾಳೆ. ಅವರ ಕೈಗೆ ತರಬೇತಿಯ ಪುಸ್ತಕವೊಂದನ್ನು ಕೊಟ್ಟಿದ್ದಾರೆ, ಚೆನ್ನಾಗಿಯೇ ಇದೆ. ನಾನು ಮಾಡಿದ ತಪ್ಪುಗಳು ಮಾತ್ರ ಅದರಲ್ಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಮಳವಳ್ಳಿಯ ಒಂದು ಸಣ್ಣ ಚರ್ಚಿನ ಹಿಂದೆ ಎರಡು ಕೋಣೆಗಳಿವೆ. ಒಂದರಲ್ಲಿ ಹತ್ತಿ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಮುಲಾಮು, ಗಾಳಿ ಹಾಸಿಗೆ. ಇನ್ನೊಂದರಲ್ಲಿ ಮೇಜು, ಫೋನು. ಅಲ್ಲಿಂದ ಒಂದು ವ್ಯಾನು ಬೆಳಿಗ್ಗೆ ಹೊರಟು ಮಳವಳ್ಳಿ, ಮದ್ದೂರು, ಮಂಡ್ಯ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತುತ್ತದೆ. ಲಕ್ವ ಹೊಡೆದವರು, ಬೆನ್ನುಮೂಳೆ ಮುರಿದವರು, ಕ್ಯಾನ್ಸರಿನ ಕೊನೆಯಲ್ಲಿರುವವರು, ಹೀಗೆ ಆಸ್ಪತ್ರೆ ‘ಮನೆಗೆ ಕರ್ಕೊಂಡು ಹೋಗಿ’ ಎಂದ ಮೇಲೆ ಉಳಿಯುವವರ ಹುಣ್ಣು ತೊಳೆಯುವುದು, ಟ್ಯೂಬು ಬದಲಿಸುವುದು, ಮನೆಯವರಿಗೆ ಕಲಿಸುವುದು. ಅಷ್ಟೇ.

ನನಗೂ ಚರ್ಚಿಗೂ ಸಂಬಂಧವಿರಲಿಲ್ಲ. ನಾನು ಬಸರಾಳು ಕಡೆಯ ಒಕ್ಕಲಿನ ಮನೆಯವನು. ಮಂಡ್ಯದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಶೀಲ್ಡುಗಳನ್ನು ಅವ್ವ ಈಗಲೂ ಗೋಡೆಗೆ ತಗಲಿ ಹಾಕಿದ್ದಾಳೆ. ಪರವಾಗಿಯೂ ಮಾತಾಡುತ್ತಿದ್ದೆ, ವಿರೋಧವಾಗಿಯೂ ಮಾತಾಡುತ್ತಿದ್ದೆ; ಎದುರಿನವರ ವಾದದಲ್ಲಿ ಬಿರುಕು ಎಲ್ಲಿದೆ ಎಂದು ಹುಡುಕುವುದು ನನಗೆ ಅಭ್ಯಾಸವಾಗಿತ್ತು. ಕಾನೂನು ಓದಲು ಹೋಗಿ ಅರ್ಧಕ್ಕೇ ಬಿಟ್ಟೆ. ಡ್ರೈವಿಂಗ್ ಲೈಸೆನ್ಸ್ ಒಂದು ಕೈಯಲ್ಲಿತ್ತು. ಕೆಲಸ ಖಾಲಿ ಇದೆ ಎಂದು ಕೇಳಿ ಹೋದೆ.

ಆ ಎರಡು ಕೋಣೆಗಳನ್ನು ನಡೆಸುವವರು ಎಸ್ತರಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದ ಮೇಲೆ ಈ ಕೆಲಸ ಹಿಡಿದವರು. ಹಳ್ಳಿಯವರೆಲ್ಲ ಅವರನ್ನು ಸಿಸ್ಟ್ರಮ್ಮ ಎನ್ನುತ್ತಾರೆ. ಕೂತ ತಕ್ಷಣ ನಾನು ಪ್ರಾಮಾಣಿಕತೆ ಮೆರೆದೆ.

“ಮೇಡಂ, ಮೊದಲೇ ಹೇಳ್ತೀನಿ. ನಾನು ದೇವರನ್ನ ನಂಬೋದಿಲ್ಲ. ನಿಮ್ಮ ದೇವರನ್ನೂ, ನಮ್ಮ ದೇವರನ್ನೂ.”

“ಬ್ಯಾಡ ಬುಡು,” ಎಂದರು. “ರಿವರ್ಸ್ ಗೇರು ನೆಟ್ಟಗೆ ಆಕ್ತೀಯಾ? ನಮ್ ಹಳ್ಳಿ ಗಲ್ಲೀಲೆಲ್ಲ ಇಂದಕ್ಕೇ ಬರ್ಬೇಕಾಯ್ತದೆ.”

ಸಂದರ್ಶನ ಮುಗಿಯಿತು.

ಮೊದಲ ತಿಂಗಳು ವ್ಯಾನಿನಿಂದ ಇಳಿಯುವ ಕರಾರಿರಲಿಲ್ಲ. ಆದರೆ ಶಿವಪುರದ ಹತ್ತಿರದ ಒಂದು ಮನೆಯಲ್ಲಿ ಮುದುಕಿಯೊಬ್ಬರನ್ನು ಹೊರಳಿಸಲು ಇನ್ನೊಂದು ಜೊತೆ ಕೈ ಬೇಕಾಯಿತು. ಒಳಗೆ ಹೋದೆ. ವಾಸನೆ ಮುಖಕ್ಕೆ ಹೊಡೆಯಿತು. ಜೇಬಿನಿಂದ ಕರ್ಚೀಫು ತೆಗೆದು ಮೂಗಿಗೆ ಒತ್ತಿ ಹಿಡಿದೆ. ಆ ತಾಯಿ ನನ್ನನ್ನು ನೋಡಿದವರೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡುಬಿಟ್ಟರು. ಡ್ರೆಸಿಂಗ್ ಮುಗಿಯುವವರೆಗೂ ತೆಗೆಯಲಿಲ್ಲ. ಹೊರಗೆ ಬಂದ ಮೇಲೆ ಎಸ್ತರಮ್ಮ ಬೈಯಲಿಲ್ಲ. “ಮಾಸ್ಕ್ ಆಕ್ಕೋ, ಅದು ನ್ಯಾಯ. ವಾಸ್ನೆ ತಡ್ಯಕ್ಕಾಗ್ದಿದ್ರೆ ಬಾಯಲ್ಲಿ ಉಸ್ರಾಡು. ಮುಖ ಮಾತ್ರ ಸಿಂಡರಿಸ್ಬ್ಯಾಡ. ಅವ್ರಿಗೆ ಕನ್ನಡಿ ಬೇರೆ ಇಲ್ಲ ಕಣಪ್ಪ, ನಿನ್ ಮುಖಾನೇ ನೋಡ್ಕೋಬೇಕು,” ಎಂದರು. ಹೊಸಬರೇ, ಇದನ್ನು ಬರೆದಿಟ್ಟುಕೊಳ್ಳಿ.

ಈಗ ನನ್ನ ಸಂಶಯದ ವಿಷಯ. ಸೇವೆ ಎನ್ನುವುದು ಗಾಳದ ತುದಿಯ ಎರೆಹುಳು ಎಂದು ನಾನೇ ಕಾಲೇಜಿನ ವೇದಿಕೆಯಲ್ಲಿ ವಾದಿಸಿದವನು. ಆದ್ದರಿಂದ ಸೇರಿದ ಮೊದಲ ವರ್ಷ ಪೂರ್ತಿ ಪತ್ತೇದಾರಿಕೆ ಮಾಡಿದೆ. ಎಸ್ತರಮ್ಮನ ಚೀಲವನ್ನು ಅವರಿಲ್ಲದಾಗ ತೆಗೆದು ನೋಡಿದೆ. ಕತ್ತರಿ, ಟೇಪು, ಗ್ಲೌಸು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಬಾಚಣಿಗೆ. ಕರಪತ್ರವಿಲ್ಲ, ಪುಸ್ತಕವಿಲ್ಲ. ರೋಗಿಯ ಮನೆಯಲ್ಲಿ ಕೇಳದೆ ಪ್ರಾರ್ಥನೆ ಮಾಡಬಾರದು ಎನ್ನುವುದು ಅವರೇ ಹಾಕಿಕೊಂಡ ನಿಯಮ. ಯಾರಾದರೂ “ನಿಮ್ ದ್ಯಾವ್ರು ಯಾವ್ದಮ್ಮ?” ಎಂದು ಕೇಳಿದರೆ “ಯೇಸು ಕಣಮ್ಮ” ಎಂದು ಹೇಳಿ ಟೇಪು ಅಂಟಿಸುವುದನ್ನು ಮುಂದುವರಿಸುತ್ತಿದ್ದರು.

ಒಂದೇ ಒಂದು ಅಭ್ಯಾಸವಿತ್ತು. ಪ್ರತಿ ಮನೆಯ ಮುಂದೆ ವ್ಯಾನು ನಿಂತ ಮೇಲೆ ಇಳಿಯುವ ಮುಂಚೆ ಅರ್ಧ ನಿಮಿಷ ಕಣ್ಣು ಮುಚ್ಚಿ ಕೂರುತ್ತಿದ್ದರು. ವಯಸ್ಸಾದವರು, ತೂಕಡಿಕೆ ಎಂದುಕೊಂಡಿದ್ದೆ. ನಾನು ಎಂಜಿನ್ ಬಡಬಡ ಓಡಲು ಬಿಟ್ಟುಕೊಂಡೇ ಕೂತಿರುತ್ತಿದ್ದೆ.

ವ್ಯಾನಿನಲ್ಲಿ ನಮ್ಮ ವಾದಕ್ಕೆ ಕೊನೆಯಿರಲಿಲ್ಲ. ಮಳವಳ್ಳಿಯಿಂದ ಮದ್ದೂರಿನ ದಾರಿಯಲ್ಲಿ ಒಂದು ದಿನ ನನ್ನ ಅತ್ಯುತ್ತಮ ಪ್ರಶ್ನೆಯನ್ನೇ ಹಾಕಿದೆ. “ಸಿಸ್ಟರ್, ಒಳ್ಳೇದು ಮಾಡೋಕೆ ದೇವರು ಯಾಕೆ ಬೇಕು? ನಾನು ನಂಬೋದಿಲ್ಲ, ನಾನೂ ನಿಮ್ಮ ಜೊತೆ ಅದೇ ಹುಣ್ಣು ತೊಳೀತೀನಿ. ಹಂಗಾದ್ರೆ ದೇವರು ಇಲ್ಲಿ ಹೆಚ್ಚುವರಿ ಅಲ್ವಾ?”

ಅವರು ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತಾ ಹೇಳಿದರು: “ನಿಂಗೆ ಬ್ಯಾಡದಿದ್ರೆ ನೀನು ಒಳ್ಳೆವ್ನು ಕಣಪ್ಪ. ನಂಗೆ ಬೇಕು. ಬೆಳಿಗ್ಗೆ ಎದ್ರೆ ನಂಗೆ ಯಾರ ಮ್ಯಾಲೂ ಪ್ರೀತಿ ಇರಾಕಿಲ್ಲ. ಮಂಡಿ ನೋವು, ಸಿಟ್ಟು. ಇವ್ರ ತಿಕ ತೊಳ್ಯಕ್ಕೆ ನಾನೇ ಯಾಕೆ ಓಗ್ಬೇಕು ಅನ್ಸ್ತದೆ. ಆಗ ಕೇಳ್ಕೋತೀನಿ, ಇವತ್ತೊಂದಿನಕ್ಕೆ ಕೊಡಪ್ಪ ಅಂತ. ಕೊಡ್ತಾನೆ. ನಾಳೆ ಖಾಲಿ. ತಿರ್ಗಾ ಕೇಳ್ಬೇಕು.”

ಇದಕ್ಕೆ ಪ್ರತಿವಾದ ಏನಿದೆ? ಮನಶ್ಶಾಸ್ತ್ರದ ವಿವರಣೆ ಕೊಡಬಹುದಿತ್ತು, ಕೊಟ್ಟೆ. “ಇರ್ಬೋದು” ಎಂದರು. ನನಗೆ ಎದುರಾಳಿಯೇ ಇಲ್ಲದಂತಾಯಿತು.

ವಿಧಾನಗಳು ಬದಲಾದವು. ನಾನು ಸೇರಿದಾಗ ಫೋನಿನಲ್ಲಿ ‘ಹುಣ್ಣು ಅಂಗೈಯಷ್ಟಿದೆ’ ಎಂದು ಡಾಕ್ಟರಿಗೆ ಬಾಯಲ್ಲಿ ವರ್ಣಿಸುತ್ತಿದ್ದೆವು. ಯಾರ ಅಂಗೈ ಎಂದು ಅವರು ಕೇಳುತ್ತಿದ್ದರು. ಈಗ ಪಕ್ಕದಲ್ಲಿ ಕಾಗದದ ಸ್ಕೇಲು ಇಟ್ಟು ಫೋಟೊ ತೆಗೆದು ಕಳಿಸಿದರೆ ಎರಡು ನಿಮಿಷದಲ್ಲಿ ಉತ್ತರ. ಮೊದಲು ಕಂಡದ್ದಕ್ಕೆಲ್ಲ ಅಯೋಡಿನ್ ಸುರಿಯುತ್ತಿದ್ದರಂತೆ, ಈಗ ಬಹುತೇಕ ಕುದಿಸಿ ಆರಿಸಿದ ಉಪ್ಪುನೀರು. ಇವೆಲ್ಲ ಪುಸ್ತಕದಲ್ಲಿವೆ. ನಾನು ಹೇಳಬೇಕಾದ್ದು ಪುಟ್ಟಸ್ವಾಮಿಯ ಕಥೆ.

ಕೊಪ್ಪದ ಹತ್ತಿರದ ಹಳ್ಳಿಯವನು. ನಲವತ್ತರ ಆಸುಪಾಸು. ತೆಂಗಿನಮರದಿಂದ ಬಿದ್ದು ಬೆನ್ನುಮೂಳೆ ಮುರಿದು ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ನಾವು ಮೊದಲು ಹೋದಾಗ ಮಲಗಿ ಒಂದು ವರ್ಷವಾಗಿತ್ತು. ಸೊಂಟದ ಹಿಂದೆ, ಬಾಲದ ಮೂಳೆಯ ಮೇಲೆ ದೊಡ್ಡ ಹುಣ್ಣು. ಅವನಿಗೆ ಬೇಕಾಗಿದ್ದು ಒಂದೇ: ಕೂರುವುದು. “ನಡೀತೀನಿ ಅಂತ ನಾನೇನ್ ಕೇಳಾಕಿಲ್ಲ ಸಿಸ್ಟ್ರಮ್ಮ. ತೊಲೆ ಎಣ್ಸಿ ಎಣ್ಸಿ ಸಾಕಾಗದೆ. ಜನದ ಮುಖ ನೆಟ್ಟಗೆ ನೋಡ್ಬೇಕು, ಕೂರ್ಸಿ,” ಎನ್ನುತ್ತಿದ್ದ. ಹುಣ್ಣು ಮಾಯದೆ ಕೂರಿಸುವಂತಿಲ್ಲ. ಕೂತರೆ ಭಾರವೆಲ್ಲ ಅಲ್ಲೇ ಬೀಳುತ್ತದೆ.

ಹುಣ್ಣು ಮಾಯಬೇಕಾದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನಾನು ಕಂಪ್ಯೂಟರಿನಲ್ಲಿ ಚೆಂದದ ಪಟ್ಟಿ ಮಾಡಿ, ಗಂಟೆ ಗಂಟೆಗೂ ಎಡ, ಬಲ, ಬೋರಲು ಎಂದು ಬಣ್ಣ ಹಾಕಿ, ಅವನ ಹೆಂಡತಿ ಜಯಮ್ಮನ ಕೈಗೆ ಕೊಟ್ಟೆ. ಮುಂದಿನ ವಾರ ನೋಡಿದರೆ ಅದು ಮನೆದೇವರ ಪಟದ ಕೆಳಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಮಗ್ಗುಲು ಬದಲಾಗಿರಲಿಲ್ಲ. ಎಸ್ತರಮ್ಮ ನಕ್ಕು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತರು.

“ಜಯಮ್ಮ, ಇಲ್ಲಿ ಕುಂತ್ರೆ ನಿಂಗೆ ಏನೇನ್ ಸದ್ದು ಕೇಳ್ತದೆ ಏಳು.”

ಬೆಳಿಗ್ಗೆ ಡೈರಿಗೆ ಹಾಲು ಹಾಕಿ ವಾಪಸು ಬರುವವರ ಕ್ಯಾನಿನ ಸದ್ದು. ಆಮೇಲೆ ಕಾನ್ವೆಂಟಿನ ವ್ಯಾನಿನ ಹಾರನ್ನು. ಮದ್ದೂರಿನ ಬಸ್ಸು. ಸರ್ಕಾರಿ ಶಾಲೆಯ ಊಟದ ಗಂಟೆ. ಹೀಗೆ ಜಯಮ್ಮ ಎಣಿಸುತ್ತ ಹೋದಂತೆ ಎಸ್ತರಮ್ಮ ಒಂದೊಂದಕ್ಕೂ ಒಂದೊಂದು ಮಗ್ಗುಲು ಕಟ್ಟಿದರು. ಬಸ್ಸಿಗೆ ಎಡ, ಶಾಲೆ ಗಂಟೆಗೆ ಬಲ, ಸಂಜೆ ಡೈರಿಗೆ ಬೋರಲು. ಪುಟ್ಟಸ್ವಾಮಿಯೇ ಕೂಗಲು ಶುರುಮಾಡಿದ: “ಏಯ್ ಜಯಾ, ಬಸ್ಸು ಬಂತು, ನನ್ನ ಮಗುಚು!” ಐದು ತಿಂಗಳಲ್ಲಿ ಹುಣ್ಣು ಬಿಸ್ಕತ್ತಿನಷ್ಟಾಯಿತು. ಇನ್ನೊಂದೂವರೆ ತಿಂಗಳು, ಆಮೇಲೆ ಗಾಲಿ ಕುರ್ಚಿ ಎಂದು ಡಾಕ್ಟರು ಹೇಳಿದರು.

ಅಷ್ಟರಲ್ಲಿ ನಾನು ಬಾಯಿ ತೆರೆದೆ.

ಪುಟ್ಟಸ್ವಾಮಿಯ ಅಣ್ಣ ಬೋರೇಗೌಡರ ಮನೆ ಅದೇ ಬೀದಿಯಲ್ಲಿ, ಇಪ್ಪತ್ತು ಹೆಜ್ಜೆ ಆಚೆ. ಊರಲ್ಲಿ ನಾಲ್ಕು ಜನ ಮಾತು ಕೇಳುವ ಯಜಮಾನರು. ನಾವು ಬಂದಾಗಲೆಲ್ಲ ಜಗಲಿಯ ಮೇಲೆ ಕೂತಿರುತ್ತಿದ್ದರು, ತಮ್ಮನ ಮನೆಯೊಳಗೆ ಮಾತ್ರ ಬರುತ್ತಿರಲಿಲ್ಲ. ಒಂದು ಸಂಜೆ ಎಸ್ತರಮ್ಮ ಒಳಗೆ ಡ್ರೆಸಿಂಗ್ ಮುಗಿಸುತ್ತಿದ್ದರು. ನಾನು ವ್ಯಾನ್ ತಿರುಗಿಸಲು ಡೈರಿಯ ಮುಂದಕ್ಕೆ ಹೋದೆ. ಹಾಲು ಹಾಕಲು ಸಾಲು ನಿಂತಿತ್ತು. ಸಾಲಿನಲ್ಲಿ ಬೋರೇಗೌಡರು.

“ಏನ್ಲಾ ಮಯೇಸ, ನೀನು ಬಸರಾಳು ಕಡೆ ನಮ್ಮೋರ ಹೈದ ತಾನೆ? ಇವ್ರ ವ್ಯಾನ್ ಯಾಕ್ಲಾ ಓಡುಸ್ತೀಯ? ಇವತ್ತು ಉಣ್ಣು ತೊಳೀತಾರೆ, ನಾಳೀಕೆ ನಮ್ ಪುಟ್‌ಸಾಮಿ ಎಸ್ರು ಬದ್ಲಾಯಿಸ್ತಾರೆ. ಗೊತ್ತಿಲ್ವಾ ನಮ್ಗೆ?”

ಅದೇ ಪ್ರಶ್ನೆಯನ್ನು ನಾನು ಒಂದು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡಿದ್ದೆ. ಉತ್ತರ ಕಂಡುಕೊಳ್ಳಲು ಎಸ್ತರಮ್ಮ ನನಗೆ ಒಂದು ವರ್ಷ ಬಿಟ್ಟಿದ್ದರು. ನಾನು ಬೋರೇಗೌಡರಿಗೆ ಮೂರು ನಿಮಿಷವನ್ನೂ ಬಿಡಲಿಲ್ಲ. ವ್ಯಾನಿನಿಂದ ಇಳಿದೆ. ವೇದಿಕೆ ಸಿಕ್ಕಿತ್ತು, ಸಭಿಕರಿದ್ದರು.

“ಗೌಡ್ರೆ, ನಾನು ವರ್ಷಗಟ್ಟಲೆ ಈ ವ್ಯಾನಲ್ಲಿದ್ದೀನಿ. ಹೆಸರು ಬದಲಾಯಿಸ್ಕೊಂಡ ಒಬ್ಬರನ್ನ ತೋರಿಸಿ, ನಾಳೆನೇ ಕೆಲಸ ಬಿಡ್ತೀನಿ. ತೋರ್ಸಕ್ಕಾಗಲ್ಲ. ಇನ್ನೊಂದು, ಇವರು ಬರೋಕ್ ಮುಂಚೆ ಒಂದು ವರ್ಷ ನಿಮ್ಮ ತಮ್ಮ ಮಲಗಿದ್ದ. ಆಗ ಹುಣ್ಣು ತೊಳೆಯೋಕೆ ನಮ್ಮೋರು ಯಾರು ಬಂದಿದ್ರು? ಅದೂ ಹೋಗ್ಲಿ. ನಿಮ್ಮ ತಮ್ಮನ ಹುಣ್ಣು ಎಷ್ಟು ಅಗಲ ಇದೆ? ಕೈಯಲ್ಲಿ ತೋರಿಸಿ ನೋಡೋಣ.”

ಬೋರೇಗೌಡರ ಬಲಗೈ ಅರ್ಧ ಮೇಲೆದ್ದಿತು. ಬೆರಳುಗಳು ಯಾವ ಅಳತೆಗೂ ಬಾರದೆ ಗಾಳಿಯಲ್ಲಿ ನಿಂತವು.

“ಉತ್ರ ಏಳು ಬೋರಣ್ಣ!” ಎಂದು ಸಾಲಿನ ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ವಾಪಸು ಬರುವಾಗ ಎಸ್ತರಮ್ಮನಿಗೆ ಪ್ರತಿ ವಾಕ್ಯವನ್ನೂ ಬಿಡದೆ ಒಪ್ಪಿಸಿದೆ. ಅವರು ಒಂದೇ ಮಾತು ಕೇಳಿದರು: “ಎಲ್ರ ಮುಂದೇನಾ?”

ಮುಂದಿನ ಸಲ ಹೋದಾಗ ಪುಟ್ಟಸ್ವಾಮಿಯ ಮನೆಯ ಬಾಗಿಲಿಗೆ ಅಡ್ಡವಾಗಿ ಬೋರೇಗೌಡರು ನಿಂತಿದ್ದರು. ಅವರ ಹಿಂದೆ ಜಯಮ್ಮ ಸೆರಗು ಕಚ್ಚಿಕೊಂಡಿದ್ದಳು.

“ಓಗಿ ಕಣಮ್ಮ. ನಾನು ನೋಡ್ನಿಲ್ಲ ಅಂತ ನಿಮ್ ಹೈದ ಊರಿಗೇ ಸಾರವ್ನೆ. ಇನ್ ಮ್ಯಾಲೆ ನಾನೇ ನೋಡ್ಕೋತೀನಿ.”

“ಆಗ್ಲಿ ಗೌಡ್ರೆ. ಈ ಬಟ್ಟೆ, ಮುಲಾಮು ಆದ್ರೂ ಮಡಗಿ ಓಯ್ತೀನಿ.”

“ಅದೂ ಬ್ಯಾಡ. ತಕ್ಕೊಂಡೋಗಿ.”

ಒಳಗಿನಿಂದ ಪುಟ್ಟಸ್ವಾಮಿ ಕೂಗಿದ, “ಅಣ್ಣಾ, ಬುಡಣ್ಣ ಅವ್ರನ್ನ!” ಬಾಗಿಲು ಮುಚ್ಚಿತು.

ಹದಿನೇಳು ದಿನ. ಅಷ್ಟು ದಿನವೂ ವ್ಯಾನಿನಲ್ಲಿ ನಾನು ವಾದಿಸಿದೆ. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಸತ್ಯ ಹೇಳಿದ್ದಕ್ಕೆ ಕ್ಷಮೆ ಕೇಳಬೇಕೆ? ಎಸ್ತರಮ್ಮ ಹೇಳಿದರು: “ಸುಳ್ಳೇನಿಲ್ಲ. ನಿಜ ಏಳಿ ಬೀದೀಲಿ ಅವ್ನ ಬಟ್ಟೆ ಬಿಚ್ದೆ, ಅಷ್ಟೇಯ.” ನನಗೆ ರೇಗಿತು. “ಹಂಗಾದ್ರೆ ನೀವೇ ಹೋಗಿ ಕೇಳಿ. ಕ್ಷಮೆ ಅನ್ನೋದು ನಿಮ್ಮ ಇಲಾಖೆ ತಾನೆ?” ಎಂದುಬಿಟ್ಟೆ.

“ಎಲ್ಡ್ ಸಲ ಓಗ್ ಬಂದೆ ಕಣಪ್ಪ. ಭಾನ್ವಾರ ಆರಾಧನೆ ಮುಗುಸ್ಕಂಡು ಬಸ್ಸಲ್ಲಿ. ಅವ್ನು ಜಗ್ಲಿ ಮ್ಯಾಲೆ ಕುಂತಿದ್ದ, ನಾನು ಕೆಳಗೆ ನಿಂತಿದ್ದೆ. ಓಗಿ ಅಂದ. ಬಂದೆ. ಅವ್ನಿಗೆ ಏಟು ಬಿದ್ದಿರೋದು ನನ್ ಕೈಯಿಂದ ಅಲ್ವಲ್ಲ, ನಾನು ಸವರುದ್ರೆ ಎಂಗೆ ಓಯ್ತದೆ?”

ಮಂಡಿ ನೋವಿನ ಹೆಂಗಸು ಎರಡು ಬಸ್ಸು ಬದಲಿಸಿ ಹೋಗಿ ಬಂದಿದ್ದರು. ನನಗೆ ಹೇಳಿಯೂ ಇರಲಿಲ್ಲ. ಇಷ್ಟಾದರೂ ನಾನು ಸೋಲಲು ತಯಾರಿರಲಿಲ್ಲ. ಹದಿನೇಳನೆಯ ದಿನ ಮಧ್ಯಾಹ್ನ ಜಯಮ್ಮನ ಫೋನು ಬಂತು. ಎಸ್ತರಮ್ಮ ಸ್ಪೀಕರಿಗೆ ಹಾಕಿದರು. “ಸಿಸ್ಟ್ರಮ್ಮ, ಮೂರ್ ದಿನದಿಂದ ಚಳಿ ಜರ. ಯಾವ್ದೋ ಸೊಪ್ಪು ಅರ್ದು ಆಕ್ಸಿದ್ರು, ವಾಸ್ನೆ ಬತ್ತಾ ಅದೆ. ನಮ್ ಬಾವ ಈಗ ಬ್ಯಾಡ ಅಂತ ಬಾಯಿ ಬುಟ್ಟು ಏಳ್ನಿಲ್ಲ, ಆದ್ರೆ ಕರೀಲೂ ಇಲ್ಲ.” ಹುಣ್ಣಿನ ನಂಜು ರಕ್ತಕ್ಕೆ ಏರಿದರೆ ಏನಾಗುತ್ತದೆ ಎಂದು ಅಷ್ಟು ವರ್ಷ ಕೆಲಸ ಮಾಡಿದ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಸಂಜೆ ಡೈರಿಯ ಹೊತ್ತಿಗೇ ಹೋದೆ. ನನ್ನ ಲೆಕ್ಕ ಇಷ್ಟು: ಹತ್ತು ಜನರ ಮುಂದೆ ಹೊಡೆದದ್ದನ್ನು ಮನೆಯೊಳಗೆ ಗುಟ್ಟಾಗಿ ವಾಪಸು ಪಡೆಯಲು ಬರುವುದಿಲ್ಲ. ಅದೇ ಸಾಲು, ಅವೇ ಕ್ಯಾನುಗಳು. ಬೋರೇಗೌಡರ ಬೆನ್ನ ಹಿಂದೆ ಹೋಗಿ ನಿಂತೆ.

“ಗೌಡ್ರೆ, ಅವತ್ತು ನಿಮ್ಮನ್ನ ಎಲ್ಲರ ಮುಂದೆ ನಗೆಪಾಟಲು ಮಾಡ್ದೆ. ತಪ್ಪಾಯ್ತು.”

ಬೋರೇಗೌಡರು ತಿರುಗಿಯೂ ನೋಡಲಿಲ್ಲ. “ಇಂದ್ಲೋರಿಗೆ ಕೇಳುಸ್ನಿಲ್ಲ. ಇನ್ನೊಂದ್ ಕಿತ ಏಳು.”

ಮತ್ತೆ ಹೇಳಿದೆ, ಗಟ್ಟಿಯಾಗಿ. ಈ ಸಲ ಯಾರೂ ನಗಲಿಲ್ಲ. ಅವರು ಹಾಲು ಸುರಿದು, ಖಾಲಿ ಕ್ಯಾನು ಎತ್ತಿಕೊಂಡು ನನ್ನ ಪಕ್ಕ ಬಂದು ನಿಂತರು.

“ಸಿಸ್ಟ್ರಮ್ಮ ಎಲ್ಲವ್ಳೆ?”

“ವ್ಯಾನಲ್ಲಿ.”

“ಕರಿ.”

ವ್ಯಾನನ್ನು ಪುಟ್ಟಸ್ವಾಮಿಯ ಮನೆಯ ಮುಂದೆ ನಿಲ್ಲಿಸಿದೆ. ಎಸ್ತರಮ್ಮ ಕಣ್ಣು ಮುಚ್ಚಿದರು. ನಾನು ಪ್ರಾರ್ಥನೆ ಮಾಡಲಿಲ್ಲ, ಸುಳ್ಳು ಹೇಳುವುದಿಲ್ಲ. ಎಂಜಿನ್ ಆಫ್ ಮಾಡಿದೆ. ಅವತ್ತಿನಿಂದ ಕೆಲಸ ಬಿಡುವ ದಿನದವರೆಗೂ ಪ್ರತಿ ಮನೆಯ ಮುಂದೆ ಆಫ್ ಮಾಡಿದ್ದೇನೆ.

ಒಳಗೆ ಹೋದಾಗ ಪುಟ್ಟಸ್ವಾಮಿ ಜ್ವರದಲ್ಲಿ ಕೆಂಪಗಾಗಿದ್ದ. ನನ್ನನ್ನು ಕಂಡು, “ಬಂದ್ಯಾ? ನಿನ್ ಬಾಯಿಗೆ ಬೀಗ ಆಕುಸ್ಬೇಕು ಕಣ್ಲಾ,” ಎಂದ. ನಾನು ಎಂದಿನಂತೆ ಅವನನ್ನು ಮಗ್ಗುಲಿಗೆ ಹಿಡಿಯಲು ಹೋದೆ. ಎಸ್ತರಮ್ಮ ನನ್ನ ಕೈ ಸರಿಸಿದರು.

“ನೀನು ಬೆಳಕು ಇಡಿ. ಗೌಡ್ರೆ, ಕೈ ತೊಳ್ಕಂಡ್ ಬನ್ನಿ. ಇಲ್ಲಿ ಭುಜ, ಇಲ್ಲಿ ಸೊಂಟ. ನಿಮ್ ಕಡೀಕ್ಕೆ ಎಳ್ಕೊಳಿ.”

ಬೋರೇಗೌಡರು ಬಾಗಿಲಲ್ಲೇ ನಿಂತರು. “ನನ್ ಕೈಲಾಗಾಕಿಲ್ಲ ಕಣಮ್ಮ,” ಎಂದರು. ಆ ದೊಡ್ಡ ದನಿ ಎಲ್ಲಿ ಹೋಯಿತೋ. “ಅವ್ನಿಗೆ ಮರ ಹತ್ತು ಅಂದೋನೇ ನಾನು. ಬ್ಯಾಡ ಅಣ್ಣ, ಮಳೆ ಬಂದು ಜಾರ್ತದೆ ಅಂದ. ಹತ್ಲಾ, ಎಂಗ್ಸಂಗೆ ಆಡ್ಬ್ಯಾಡ ಅಂದೆ.”

ನಾನು ಡೈರಿಯ ಮುಂದೆ ಬೆರಳು ತೋರಿಸಿ ಕೇಳಿದ ಪ್ರಶ್ನೆ ಎಲ್ಲಿಗೆ ಹೋಗಿ ಚುಚ್ಚಿತ್ತು ಎಂದು ಆಗ ತಿಳಿಯಿತು.

“ಗೊತ್ತು ಬಾರಣ್ಣ,” ಎಂದ ಪುಟ್ಟಸ್ವಾಮಿ ಗೋಡೆಗೆ ಮುಖ ಮಾಡಿಕೊಂಡೇ. “ಹತ್ತಿದ್ದು ನಾನಲ್ವಾ? ಬಂದು ಇಡ್ಕೋ, ತೋಳು ನೋಯ್ತದೆ.”

ಎಸ್ತರಮ್ಮ ಸಮಾಧಾನದ ಮಾತೊಂದನ್ನೂ ಆಡಲಿಲ್ಲ. “ಸೊಂಟ ವಸಿ ಬಿಗಿಯಾಗಿ ಇಡ್ಕೊಳಿ ಗೌಡ್ರೆ,” ಎಂದಷ್ಟೇ ಅಂದು ಸೊಪ್ಪನ್ನು ತೊಳೆದು ತೆಗೆದರು. ಬೋರೇಗೌಡರು ನೋಡಿದರು. ಹುಣ್ಣು ಮತ್ತೆ ಅಂಗೈಯಷ್ಟಾಗಿತ್ತು. ಅಂಚು ಕಪ್ಪಾಗಿತ್ತು.

ಫೋಟೊ ನೋಡಿದ ಡಾಕ್ಟರು ಕೂಡಲೇ ಕರೆತನ್ನಿ ಎಂದರು. ಅದೇ ವ್ಯಾನಿನಲ್ಲಿ ಮಂಡ್ಯದ ಆಸ್ಪತ್ರೆಗೆ ಹೋದೆವು. ಹನ್ನೆರಡು ದಿನ ಅಲ್ಲಿದ್ದ, ಬದುಕಿದ. ಅಷ್ಟು ದಿನವೂ ಪಕ್ಕದಲ್ಲಿ ಕೂತು ಮಗ್ಗುಲು ಬದಲಿಸಿದವರು ಬೋರೇಗೌಡರು. ನನ್ನ ಹದಿನೇಳು ದಿನದ ಗೆಲುವಿಗೆ ಪುಟ್ಟಸ್ವಾಮಿ ಇನ್ನೂ ಏಳು ತಿಂಗಳು ತೊಲೆ ಎಣಿಸಬೇಕಾಯಿತು. ಹೊಸಬರೇ, ಎಸ್ತರಮ್ಮನ ಜೊತೆ ಖಂಡಿತ ವಾದ ಮಾಡಿ, ಅವರಿಗೂ ಅದು ಇಷ್ಟ. ವ್ಯಾನಿನ ಬಾಗಿಲು ಹಾಕಿಕೊಂಡು ಮಾಡಿ.

ನಾನು ಇವತ್ತಿಗೂ ನಂಬುವವನಲ್ಲ. ದೇವರಿದ್ದಾನೆ ಎನ್ನುವುದಕ್ಕೆ ಎಸ್ತರಮ್ಮನನ್ನು ಸಾಕ್ಷಿಯಾಗಿ ನಿಲ್ಲಿಸಿದರೆ ನಾನು ಪಾಟೀಸವಾಲು ಹಾಕಬಲ್ಲೆ. ಹಾಕುವುದಿಲ್ಲ. ಪ್ರತಿದಿನ ಖಾಲಿಯಾಗಿ ಎದ್ದು, ಕೇಳಿ ಪಡೆದು, ಸಂಜೆಯೊಳಗೆ ಅಷ್ಟನ್ನೂ ಪರರ ಮನೆಗಳಲ್ಲಿ ಖರ್ಚು ಮಾಡಿ ಬರುವ ಹೆಂಗಸಿನ ಪಕ್ಕ ಒಂಬತ್ತು ವರ್ಷ ಕೂತಿದ್ದೆ. ಅದು ನನಗೆ ಸಿಕ್ಕಿದ್ದಕ್ಕೆ ಯಾರಿಗೆ ಕೃತಜ್ಞತೆ ಹೇಳಬೇಕೋ ಗೊತ್ತಿಲ್ಲ. ಅವರಿಗೇ ಹೇಳಿದೆ. “ಆಯ್ತು, ಬೆಲ್ಟ್ ಆಕ್ಕೊಂಡ್ ಕೂತ್ಕೋ, ಬೆನ್ನು ನೋಡ್ಕೋ,” ಎಂದರು.

ಪುಟ್ಟಸ್ವಾಮಿ ಕೂತ ದಿನವನ್ನು ಬರೆದು ಮುಗಿಸುತ್ತೇನೆ. ಮೊದಲ ದಿನ ಹದಿನೈದು ನಿಮಿಷ ಮಾತ್ರ ಎಂದು ಡಾಕ್ಟರು ಹೇಳಿದ್ದರು. ನಾನೂ ಬೋರೇಗೌಡರೂ ಎತ್ತಿ ಗಾಲಿ ಕುರ್ಚಿಗೆ ಇಳಿಸಿದೆವು. ಜಯಮ್ಮ ಅವನ ತಲೆ ಬಾಚಿದಳು. ಎಸ್ತರಮ್ಮ ಫೋನಿನಲ್ಲಿ ಗಂಟೆ ಇಟ್ಟರು. ಕುರ್ಚಿಯನ್ನು ಹೊಸಿಲು ದಾಟಿಸಿ ಜಗಲಿಗೆ ತಂದಾಗ ಅವನ ಒಂದು ಪಾದ ಕುರ್ಚಿಯ ಕಾಲಿಡುವ ಹಲಗೆಯಿಂದ ಜಾರಿ ನೇತಾಡಿತು. ಅವನಿಗೆ ಗೊತ್ತಾಗಲಿಲ್ಲ. ಬೋರೇಗೌಡರು ಪಂಚೆ ಮೇಲೆತ್ತಿ ಕಟ್ಟಿ, ತಮ್ಮನ ಮುಂದೆ ನೆಲಕ್ಕೆ ಮಂಡಿಯೂರಿ, ಆ ಪಾದವನ್ನು ಎರಡು ಕೈಯಲ್ಲೂ ಎತ್ತಿ ಹಲಗೆಯ ಮೇಲಿಟ್ಟರು. ಅದು ನಿಲ್ಲುತ್ತದೋ ಇಲ್ಲವೋ ಎಂದು ಹಿಡಿದೇ ಕೂತರು.

ಪುಟ್ಟಸ್ವಾಮಿ ಕೆಳಗೆ ಬಗ್ಗಿದ ಅಣ್ಣನ ತಲೆಯನ್ನು ನೋಡುತ್ತಿದ್ದ.

“ಅಣ್ಣಾ, ನಿನ್ ನೆತ್ತಿ ಮ್ಯಾಲೆ ಕೂದ್ಲೇ ಇಲ್ವಲ್ಲಾ! ಯಾವಾಗ್ ಓಯ್ತು?”

“ಓಗಿ ಎಲ್ಡ್ ವರ್ಸ ಆಯ್ತು ಕಣ್ಲಾ,” ಎಂದರು ಬೋರೇಗೌಡರು ಪಾದ ಬಿಡದೆ. “ನಿಂಗೆ ಕಾಣ್ತಿರ್ನಿಲ್ಲ.”